ಪೂವಪ್ಪ ಬಾಯಿ ಬಿಟ್ಟ ಭಾನುವಾರ

ಪೂವಪ್ಪನಿಗೆ ಗಿರಾಕಿಯ ಮುಖ ನೋಡಬೇಕೆಂದೇನೂ ಇರಲಿಲ್ಲ, ಕಾಲು ನೋಡಿದರೆ ಸಾಕಿತ್ತು. ಚಪ್ಪಲಿಯ ಹಿಮ್ಮಡಿ ಒಂದೇ ಬದಿಗೆ ಸವೆದಿದ್ದರೆ ಆ ಮನುಷ್ಯ ಹೆಗಲಿಗೆ ಚೀಲ ಹಾಕಿಕೊಂಡು ಮನೆಮನೆ ತಿರುಗಿ ಮಾರುವವ. ಷೂಸಿಗೆ ಪಾಲಿಶ್ ಇದ್ದು ಲೇಸು ತುಂಡಾಗಿ ಗಂಟು ಬಿದ್ದಿದ್ದರೆ ಗುಮಾಸ್ತ. ಇನ್ನು ತಿಂಡಿ ಮುಂದೆ ಬಂದ ಮೇಲಂತೂ ಯಾರ ಗುಟ್ಟೂ ಉಳಿಯುತ್ತಿರಲಿಲ್ಲ. ಇಡ್ಲಿಯನ್ನು ಮೊದಲೇ ಎಂಟು ತುಂಡು ಮಾಡಿಟ್ಟುಕೊಂಡು ತಿನ್ನುವವನಿಗೆ ಮನೆಯಲ್ಲಿ ಮಕ್ಕಳು ಹೆಚ್ಚು. ವಡೆಯನ್ನು ಸಾಂಬಾರಿನಲ್ಲಿ ಮುಳುಗಿಸಿ ಮರೆತು ಕಿಟಕಿಯ ಹೊರಗೆ ನೋಡುವವನಿಗೆ ಮದುವೆಯ ಮಾತು ನಡೆಯುತ್ತಿದೆ. ಇದನ್ನೆಲ್ಲ ಅವನಿಗೆ ಕಲಿಸಿದವರು ಯಾರೂ ಇಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು, ಮಂಗಳೂರು ಬಂದರಿನಲ್ಲಿ ಹಡಗು ಹತ್ತಿ ಮುಂಬಯಿಗೆ ಬಂದವನು. ಮೂವತ್ತೆರಡು ವರ್ಷ ಮೇಜಿನ ಬದಿಯಲ್ಲಿ ನಿಂತೇ ಇದ್ದ. ನಿಂತವನಿಗೆ ನೋಡುವುದು ಬಿಟ್ಟರೆ ಬೇರೆ ಏನು ಕೆಲಸ?

ಹೋಟೆಲಿನ ಹೆಸರು ವಿನಾಯಕ ವಿಲಾಸ. ದಾದರ್ ಸ್ಟೇಶನ್ನಿನಿಂದ ಹೊರಬಿದ್ದು ಟ್ರಾಮ್ ರಸ್ತೆ ಹಿಡಿದರೆ ಎಡಗಡೆಗೆ ಸಿಗುತ್ತಿತ್ತು. ಹದಿನಾಲ್ಕು ಕಲ್ಲು ಮೇಜು, ಬಾಗಿಲ ಹತ್ತಿರ ಗಲ್ಲಾಪೆಟ್ಟಿಗೆ. ಅದರ ಹಿಂದೆ ಒಂದು ಸ್ಟೂಲಿನಲ್ಲಿ ಶೇಖರ, ಪಕ್ಕದ ಕುರ್ಚಿಯಲ್ಲಿ ಧಣಿ ಸದಾನಂದ ಶೆಟ್ಟರು. ಶೇಖರ ದುಡ್ಡು ತೆಗೆದುಕೊಳ್ಳುವವ, ಧಣಿಗಳು ಅವನು ತೆಗೆದುಕೊಳ್ಳುವುದನ್ನು ನೋಡುವವರು.

ಬಿಲ್ಲಿನ ಚೀಟಿ ಎಂಬ ಉಪದ್ರವ ಆಗ ಇರಲಿಲ್ಲ. ಗಿರಾಕಿ ಕೈ ತೊಳೆದು ಎದ್ದ ಕೂಡಲೇ ಸಪ್ಲೈಯರ್ ತನ್ನ ಜಾಗದಿಂದಲೇ ಗಲ್ಲಕ್ಕೆ ಕೂಗಿ ಹೇಳಬೇಕು. "ಕರಿ ಟೋಪಿ, ಮೂರಾಣೆ!" "ಚಷ್ಮಾವಾಲಾ, ಸಾಡೇ ಚಾರ್ ಆಣೆ!" ಹತ್ತು ಮಂದಿ ಒಟ್ಟಿಗೆ ಎದ್ದರೂ ಯಾರದು ಎಷ್ಟೆಂದು ತಪ್ಪಬಾರದು. ಇಡೀ ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಹೀಗೆಯೇ ನಡೆಯುತ್ತಿತ್ತು. ಆದರೆ ಉಳಿದವರೆಲ್ಲ ಟೋಪಿ, ಚಷ್ಮಾ, ಛತ್ರಿ ಎಂದು ಕೂಗಿದರೆ ಪೂವಪ್ಪ ಮನುಷ್ಯನನ್ನೇ ಕೂಗುತ್ತಿದ್ದ.

"ಚಟ್ನಿಗೆ ಮೂರು ಸಲ ಕೈ ನೀಡಿದವರು, ಎರಡಾಣೆ!"

"ಹುಡುಗಿ ಒಪ್ಪಿದ್ದಾಳೆ, ಶಿರಾ ತಿಂದಿದ್ದಾರೆ, ಆರಾಣೆ!"

"ಬೊರಿವಲಿಗೆ ಕೊನೆಯ ಫಾಸ್ಟ್ ರೈಲು ತಪ್ಪಿಸಿಕೊಂಡವರು, ಹೆಂಡತಿಗೆ ಹೇಳಬೇಡಿ, ಮೂರಾಣೆ!"

ಅವನ ಗಂಟಲೋ, ಅದು ದೇವರು ಕೊಟ್ಟದ್ದು. ರಸ್ತೆಯಲ್ಲಿ ಟ್ರಾಮ್ ಗಂಟೆ ಹೊಡೆಯುತ್ತಿದ್ದರೂ ಅವನ ಕೂಗು ಆಚೆ ಫುಟ್‌ಪಾತಿಗೆ ಮುಟ್ಟುತ್ತಿತ್ತು. ಜನ ನಗುತ್ತಿದ್ದರು, ಕೂಗಿಸಿಕೊಂಡವರೂ ಹಲ್ಲು ಬಿಡುತ್ತಿದ್ದರು. ಮರುದಿನ ಅವರೇ ಬರುತ್ತಿದ್ದರು, ಜೊತೆಗೆ ಇನ್ನೊಬ್ಬನನ್ನು ಕರೆದುಕೊಂಡು.

ಒಬ್ಬ ಗಿರಾಕಿಯ ವಿಷಯದಲ್ಲಿ ಮಾತ್ರ ಪೂವಪ್ಪನ ವಿದ್ಯೆ ನಡೆಯಲಿಲ್ಲ. ನಾಲ್ಕು ವರ್ಷದಿಂದ, ದಿನಾ ಸಂಜೆ ನಾಲ್ಕೂವರೆಗೆ ಬರುವ ಮನುಷ್ಯ. ಐವತ್ತರ ಆಸುಪಾಸು. ಇಸ್ತ್ರಿ ಮಾಡಿದ ಕಂದು ಕೋಟು, ಎಣ್ಣೆ ಹಚ್ಚಿ ಬಾಚಿದ ತಲೆ. ಗಲ್ಲದ ಹತ್ತಿರದ ಮೇಜೇ ಆಗಬೇಕು. ಬಾಯಿ ಬಿಟ್ಟು ಒಂದು ಮಾತಿಲ್ಲ. ಇಡ್ಲಿ ಹೋಗುತ್ತಿದ್ದರೆ ಇಡ್ಲಿಯ ಕಡೆ ಬೆರಳು, ವಡೆ ಹೋಗುತ್ತಿದ್ದರೆ ವಡೆಯ ಕಡೆ ಬೆರಳು, ಚಾ ಹೋಗುತ್ತಿದ್ದರೆ ಚಾದ ಕಡೆ ಬೆರಳು. ತಿನ್ನುವಾಗ ಕಣ್ಣು ತಟ್ಟೆಯಲ್ಲಿರುವುದಿಲ್ಲ, ಎಲ್ಲರ ಬಾಯಿಯನ್ನು ದುರುಗುಟ್ಟಿ ನೋಡುವುದು. ಪೂವಪ್ಪ ಕೂಗಲು ಬಾಯಿ ತೆರೆದರಂತೂ ತಲೆ ಓರೆ ಮಾಡಿ, ಪರೀಕ್ಷೆಗೆ ಬಂದವನ ಹಾಗೆ ಕೂತಿರುವುದು.

ಚಪ್ಪಲಿ ನೋಡಿದರೆ ಎರಡೂ ಬದಿ ಸಮ ಸವೆದಿದೆ. ಅಂದರೆ ದಿನವಿಡೀ ನಿಲ್ಲುವವ. ಮೇಷ್ಟರೋ? ಮೇಷ್ಟರಾದರೆ ಮಾತಾಡದೆ ಇರುತ್ತಾರೆಯೇ! ಮಿಲ್ಲಿನವರಾದರೆ ತಲೆಯಲ್ಲಿ ಹತ್ತಿಯ ಎಳೆ ಅಂಟಿರುತ್ತದೆ, ಇವರ ತಲೆ ಕನ್ನಡಿಯ ಹಾಗಿದೆ. ಪೂವಪ್ಪ ರಾತ್ರಿ ಹೋಟೆಲಿನ ಬೆಂಚಿನ ಮೇಲೆ ಹಾಸಿಗೆ ಬಿಡಿಸಿದಾಗಲೂ ಇದನ್ನೇ ಯೋಚಿಸುತ್ತಿದ್ದ. ಧಣಿಗಳಿಗೆ ಯೋಚನೆಯೇ ಬೇಕಾಗಿರಲಿಲ್ಲ.

"ಅದು ಸೇಲ್ಸ್ ಟ್ಯಾಕ್ಸಿನ ಜನ ಮಾರಾಯ," ಎನ್ನುತ್ತಿದ್ದರು ತಗ್ಗಿದ ದನಿಯಲ್ಲಿ. ಅವರದು ಯಾವಾಗಲೂ ತಗ್ಗಿದ ದನಿ. "ಸುಮ್ಮನೆ ಕೂತು ಗಿರಾಕಿ ಎಷ್ಟು, ಗಲ್ಲಕ್ಕೆ ಬಿದ್ದದ್ದು ಎಷ್ಟು ಅಂತ ಲೆಕ್ಕ ತೆಗೀತಾ ಉಂಟು. ಅವರಿಗೆ ಮಾತ್ರ ನಿನ್ನ ಕುಚೋದ್ಯ ಬೇಡ."

ಹಾಗಾಗಿ ನಾಲ್ಕು ವರ್ಷವೂ ಆ ಮನುಷ್ಯನಿಗೆ ಒಂದೇ ಕೂಗು. "ಕೋಟಿನವರು, ನಾಲ್ಕಾಣೆ!"

ಐವತ್ತಮೂರನೇ ಇಸವಿಯ ಡಿಸೆಂಬರಿನಲ್ಲಿ ಪೂವಪ್ಪನ ಬಾಯಿಗೆ ಬೀಗ ಬಿತ್ತು. ತಪ್ಪು ಅವನದೇ, ಇಲ್ಲ ಎನ್ನುವುದಕ್ಕಾಗುವುದಿಲ್ಲ. ದಿನಾ ಮಸಾಲೆ ದೋಸೆ ತಿನ್ನುವ ಒಬ್ಬ ವಕೀಲರು ಅಂದು ಬರೀ ಚಾ ಕುಡಿದು ಎದ್ದರು. ಪೂವಪ್ಪ ನೋಡಿದ, ಅರ್ಥ ಮಾಡಿಕೊಂಡ, ಕೂಗಿದ. "ಕೇಸು ಸೋತು ಬಂದವರು, ಬರೀ ಚಾ, ಒಂದಾಣೆ!" ಕೇಸು ಸೋತದ್ದು ನಿಜವೇ. ಆದರೆ ಸೋತ ಕಕ್ಷಿದಾರ ಪಕ್ಕದಲ್ಲೇ ಇದ್ದ, ಅವನಿಗೆ ವಕೀಲರು ಇನ್ನೂ ವಿಷಯ ಹೇಳಿರಲಿಲ್ಲ. ಆಮೇಲೆ ಅಲ್ಲಿ ನಡೆದದ್ದನ್ನು ಬರೆಯುವುದು ಬೇಡ.

"ಇನ್ನು ಮೇಲೆ ಮೇಜಿನ ನಂಬ್ರ ಹೇಳು, ದುಡ್ಡು ಹೇಳು, ಅಷ್ಟೇ," ಎಂದರು ಧಣಿಗಳು. "ಅದೂ ಮೆಲ್ಲಗೆ. ಇದು ಹೋಟೆಲು, ಬಯಲಾಟದ ರಂಗಸ್ಥಳ ಅಲ್ಲ."

ಬಯಲಾಟದ ಮಾತನ್ನು ಅವರು ಬೇಕೆಂದೇ ತೆಗೆದರು. ಪೂವಪ್ಪನಿಗೆ ಇದ್ದ ಇನ್ನೊಂದು ಹುಚ್ಚು ಅದು. ದಾದರು, ಮಾಟುಂಗ, ಚೆಂಬೂರಿನ ಹೋಟೆಲು ಕೆಲಸದವರು ಸೇರಿ ಒಂದು ಯಕ್ಷಗಾನ ಮಂಡಳಿ ಕಟ್ಟಿದ್ದರು. ಶೇಖರ ಅದರ ಕಾರ್ಯದರ್ಶಿ, ಮದ್ದಳೆ ಬಾರಿಸುವವನೂ ಅವನೇ. ಪೂವಪ್ಪ ಹಾಸ್ಯಗಾರ. ಹಾಡಿಗೆ ಕೊರತೆ ಇಲ್ಲ, ಕುಣಿತಕ್ಕೆ ಕೊರತೆ ಇಲ್ಲ. ವೇಷಭೂಷಣ ಮಾತ್ರ ಇರಲಿಲ್ಲ. ಗಿರ್ಗಾಂವಿನ ಮರಾಠಿ ನಾಟಕದ ಡ್ರೆಸ್ ಅಂಗಡಿಯಿಂದ ಬಾಡಿಗೆಗೆ ತರುತ್ತಿದ್ದರು. ಅಂಗಡಿಯವ ಕೊಟ್ಟದ್ದನ್ನು ಇವರು ಹಾಕಿಕೊಳ್ಳಬೇಕು. ಹಿಂದಿನ ದೀಪಾವಳಿಯ ಆಟದಲ್ಲಿ ಅರ್ಜುನ ಜರಿಪಗಡಿ, ನಿಲುವಂಗಿ ತೊಟ್ಟು ಬಂದ. ಅಧ್ಯಕ್ಷರಾಗಿ ಮುಂದೆ ಕೂತಿದ್ದ ಸದಾನಂದ ಶೆಟ್ಟರ ಪಕ್ಕದಲ್ಲಿದ್ದ ಗುಜರಾತಿ ಸೇಠ್, "ಇವರು ಯಾವ ಪೇಶ್ವೆ?" ಎಂದು ಕೇಳಿದ. ಶೆಟ್ಟರು ಕೆಮ್ಮಿದರು. ಸ್ವಲ್ಪ ಹೊತ್ತಿನಲ್ಲಿ ಇನ್ನೊಬ್ಬ ಪೇಶ್ವೆ ಬಂದ, ಅವನು ಕರ್ಣ. ಇಬ್ಬರೂ ಯುದ್ಧಕ್ಕೆ ನಿಂತಾಗ ಸೇಠ್ ಯಾವ ಪೇಶ್ವೆ ಯಾರೆಂದು ತಿಳಿಯದೆ, ಸತ್ತವನಿಗೆ ಚಪ್ಪಾಳೆ ಹೊಡೆದ.

ಊರಿನಲ್ಲಿ, ಉಡುಪಿಯ ಹತ್ತಿರ, ಒಬ್ಬರು ಕಿರೀಟ, ಭುಜಕೀರ್ತಿ, ಎದೆಕಟ್ಟು ಎಲ್ಲ ಇರುವ ಪೂರಾ ಒಂದು ಸೆಟ್ಟು ಮಾಡಿಕೊಡಲು ಒಪ್ಪಿದ್ದರು. ದುಡ್ಡು ಕೂಡಿಸಬೇಕಿತ್ತು. ದೇಣಿಗೆಯ ರಶೀದಿ ಪುಸ್ತಕ ಹಿಡಿದು ಹೋದರೆ ಜನ ದೂರದಿಂದಲೇ ಫುಟ್‌ಪಾತು ಬದಲಿಸುತ್ತಿದ್ದರು. ಆಗ ಶೇಖರನಿಗೆ ಈ ಉಪಾಯ ಹೊಳೆಯಿತು. ಅವನೇ ಧಣಿಗಳ ಮುಂದೆ ಹೇಳಿದ, ಪೂವಪ್ಪ ಹಿಂದೆ ನಿಂತಿದ್ದ.

"ಧಣಿ, ಒಂದು ಭಾನುವಾರ. ಮಧ್ಯಾಹ್ನ ಎರಡರಿಂದ ಆರು. ತಿಂಡಿಯ ದುಡ್ಡು ಎಂದಿನಂತೆ ನಿಮಗೆ. ಗಲ್ಲದ ಬದಿಯಲ್ಲಿ ಒಂದು ತಪ್ಪಲೆ ಇಡುವುದು. ಪೂವಪ್ಪಣ್ಣ ಮೊದಲಿನ ಹಾಗೆ ಕೂಗುವುದು. ಕೂಗಿಸಿಕೊಂಡವರು ಮನಸ್ಸು ಬಂದಷ್ಟು ತಪ್ಪಲೆಗೆ ಹಾಕುವುದು."

"ಬೈಸಿಕೊಂಡು ಮತ್ತೆ ದುಡ್ಡೂ ಕೊಡುವುದಾ?"

"ಪುಕ್ಕಟೆ ಬೈಸಿಕೊಳ್ಳಲಿಕ್ಕೆ ದಿನಾ ಬರ್ತಿರಲಿಲ್ವಾ?"

ಧಣಿಗಳು ಗಲ್ಲದ ಚಿಲ್ಲರೆಯನ್ನು ಎರಡು ಸಲ ಎಣಿಸಿದರು. ಪೇಶ್ವೆಯ ನೆನಪಾಗಿರಬೇಕು. ಕೊನೆಗೆ ಪೂವಪ್ಪನ ಕಡೆ ತಿರುಗಿದರು.

"ಆಯಿತು, ಮಾಡಿ. ಆದರೆ ಒಂದು ಮಾತು ಉಂಟು. ಒಬ್ಬ, ಒಬ್ಬನೇ ಗಿರಾಕಿ ಬಂದು ನನ್ನ ಹತ್ತಿರ ತಕರಾರು ಹೇಳಿದರೆ, ಸೋಮವಾರ ಬೆಳಗ್ಗೆ ನಿನ್ನ ಹಾಸಿಗೆ ಸುತ್ತಿಕೊಂಡು ಹೋಗಬೇಕು. ಆಮೇಲೆ ಕಾಲು ಹಿಡಿಯಲಿಕ್ಕೆ ಬರಬಾರದು."

ಸದಾನಂದ ಶೆಟ್ಟರು ಆಡಿದ ಮಾತು ಹಿಂದೆ ತೆಗೆದುಕೊಂಡದ್ದನ್ನು ಯಾರೂ ಕಂಡಿರಲಿಲ್ಲ. ಪೂವಪ್ಪನಿಗೆ ಆ ಹೋಟೆಲಿನ ಬೆಂಚು ಬಿಟ್ಟರೆ ಮುಂಬಯಿಯಲ್ಲಿ ಮಲಗಲು ಜಾಗ ಇರಲಿಲ್ಲ. ನಲವತ್ತಮೂರು ವರ್ಷದ ಸಪ್ಲೈಯರನನ್ನು ಹೊಸದಾಗಿ ಇಟ್ಟುಕೊಳ್ಳುವವರು ಯಾರು? ಊರಿನಲ್ಲಿ ಹೆಂಡತಿ ಸೇವಂತಿ, ಎರಡು ಹೆಣ್ಣುಮಕ್ಕಳು ಅವನ ಮನಿಯಾರ್ಡರಿನ ದಾರಿ ನೋಡುತ್ತಿದ್ದರು. ಇಷ್ಟೆಲ್ಲ ಗೊತ್ತಿದ್ದೂ ಅವನು "ಆಯಿತು ಧಣಿ" ಎಂದ. ಎರಡು ತಿಂಗಳಿಂದ ಮುಚ್ಚಿದ ಬಾಯಿ, ತಡೆಯಲಾಗಲಿಲ್ಲವೋ ಏನೋ.

ಫೆಬ್ರವರಿಯ ಎರಡನೆಯ ಭಾನುವಾರ ಬಾಗಿಲಿಗೆ ಬೋರ್ಡು ತೂಗಿತು. ಕನ್ನಡದಲ್ಲಿ, ಕೆಳಗೆ ಮರಾಠಿಯಲ್ಲಿ. "ಇಂದು ಪೂವಪ್ಪ ಬಾಯಿ ಬಿಡುತ್ತಾನೆ. ಧೈರ್ಯವಿದ್ದವರು ಒಳಗೆ ಬನ್ನಿ. ಯಕ್ಷಗಾನ ಮಂಡಳಿಯ ವೇಷಭೂಷಣದ ಸಹಾಯಾರ್ಥ."

ಎರಡು ಗಂಟೆಗೆ ಮೇಜು ಭರ್ತಿ. ಎರಡೂವರೆಗೆ ಫುಟ್‌ಪಾತಿನಲ್ಲಿ ಸಾಲು. ಪೂವಪ್ಪ ಮೊದಲ ನಾಲ್ಕೈದು ಮಂದಿಗೆ ಹೆದರಿ ಹೆದರಿ ಕೂಗಿದ, ಪ್ರತಿಯೊಬ್ಬನ ಮುಖವನ್ನೂ ಗಲ್ಲ ದಾಟುವವರೆಗೆ ನೋಡುತ್ತಿದ್ದ. ಯಾರಾದರೂ ಧಣಿಗಳ ಕಡೆ ಬಗ್ಗಿದರೆ ಅವನ ಕೈಯ ತಟ್ಟೆ ಅಲ್ಲೇ ನಿಲ್ಲುತ್ತಿತ್ತು. ಬಗ್ಗಿದವನು ಚಿಲ್ಲರೆ ಕೇಳಿ ಹೋಗುತ್ತಿದ್ದ. ಆಮೇಲೆ ಗಂಟಲು ಬಿಸಿಯಾಯಿತು.

"ಹಲ್ಲು ಹೊಸದು, ವಡೆ ಹಳೆಯದೇ ಬೇಕೆಂದವರು, ಮೂರಾಣೆ!"

ಹೊಸ ಹಲ್ಲಿನ ಮುದುಕರು ಹಲ್ಲು ತೋರಿಸಿಯೇ ತಪ್ಪಲೆಗೆ ಒಂದು ರೂಪಾಯಿ ಹಾಕಿದರು.

"ಅಣ್ಣತಮ್ಮಂದಿರು ಇಬ್ಬರು, ದುಡ್ಡು ಕೊಡುವಾಗ ಒಬ್ಬರಿಗೊಬ್ಬರು ಪರಿಚಯ ಇಲ್ಲ, ಎಂಟಾಣೆ!"

ಅಣ್ಣತಮ್ಮಂದಿರು ಜಗಳಾಡಿಕೊಂಡೇ ಇಬ್ಬರೂ ಹಾಕಿದರು.

ಧಾರಾವಿಯಿಂದ ಬಂದಿದ್ದ ಚರ್ಮದ ವ್ಯಾಪಾರಿಯೊಬ್ಬ ತನ್ನನ್ನು ಸರಿಯಾಗಿ ಬೈಯಲಿಲ್ಲ ಎಂದು ಇನ್ನೊಂದು ಚಾ ಹೇಳಿ ಮತ್ತೆ ಕೂತ. ನಕ್ಕು ನಕ್ಕು ಒಬ್ಬನ ಮೂಗಿನಿಂದ ಕಾಫಿ ಬಂತು. ನಾಲ್ಕು ಗಂಟೆಗೆ ತಪ್ಪಲೆ ಅರ್ಧ ದಾಟಿತ್ತು. ಧಣಿಗಳ ತುಟಿಯ ಕೊನೆಯಲ್ಲಿ ಏನೋ ಅಲುಗಾಡಿದಂತೆ ಶೇಖರನಿಗೆ ಕಂಡಿತು. ನಗು ಎಂದು ಪ್ರಮಾಣ ಮಾಡುವುದಕ್ಕೆ ಮಾತ್ರ ಆಗುತ್ತಿರಲಿಲ್ಲ.

ನಾಲ್ಕೂವರೆಗೆ ಕಂದು ಕೋಟು ಒಳಗೆ ಬಂತು.

ಗಲ್ಲದ ಹತ್ತಿರದ ಮೇಜಿನಲ್ಲಿ ಕೂತಿದ್ದವರು ತಾವಾಗಿಯೇ ಎದ್ದು ಜಾಗ ಬಿಟ್ಟರು. ಬೆರಳು ಇಡ್ಲಿಯ ಕಡೆ, ಬೆರಳು ವಡೆಯ ಕಡೆ, ಬೆರಳು ಚಾದ ಕಡೆ. ಪೂವಪ್ಪ ತಂದಿಟ್ಟ. ಆ ಮನುಷ್ಯ ಇಂದು ಎಂದಿಗಿಂತ ಬೇಗ ತಿಂದು, ಕರವಸ್ತ್ರದಲ್ಲಿ ಬಾಯಿ ಒರೆಸಿ, ಕೋಟಿನ ಗುಂಡಿ ಹಾಕಿಕೊಂಡು ಎದ್ದು ನಿಂತರು. ಫೋಟೋ ತೆಗೆಸಿಕೊಳ್ಳುವವರ ಹಾಗೆ ನೆಟ್ಟಗೆ ನಿಂತರು.

ಪೂವಪ್ಪ ಧಣಿಗಳ ಕಡೆ ನೋಡಿದ. ಧಣಿಗಳು ಕಣ್ಣಿನಲ್ಲೇ ಹೇಳಿದರು, ಬೇಡ. ಅವನಿಗೂ ಧೈರ್ಯ ಇರಲಿಲ್ಲ. ಯಾರೆಂದೇ ಗೊತ್ತಿಲ್ಲದ ಮನುಷ್ಯನಿಗೆ ಏನೆಂದು ಕೂಗುವುದು? ದನಿಯನ್ನು ಇಳಿಸಿ, ಕೈ ಕಟ್ಟಿ, ಮರ್ಯಾದೆಯಿಂದ ಹೇಳಿದ.

"ಸಾಹೇಬರು. ನಾಲ್ಕಾಣೆ."

ಕೋಟಿನವರು ಹಾಗೆಯೇ ನಿಂತಿದ್ದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಪೂವಪ್ಪನ ಬಾಯಿ ನೋಡಿದರು. ಆಮೇಲೆ ಮುಖ ಕೆಂಪಾಗಿ, ದಡದಡ ನಡೆದು ಧಣಿಗಳ ಮುಂದೆ ನಿಂತು ಮೇಜು ಗುದ್ದಿದರು. ನಾಲ್ಕು ವರ್ಷದಲ್ಲಿ ಮೊದಲ ಸಲ ಆ ಬಾಯಿಂದ ಮಾತು ಬಂತು. ಮಾತಲ್ಲ, ಗರ್ಜನೆ. ಅಡುಗೆಮನೆಯಿಂದ ಭಟ್ಟರು ಸೌಟು ಹಿಡಿದು ಓಡಿ ಬಂದರು.

"ನಂದೊಂದ್ ತಕರಾರ್ ಐತಿ! ಬರಕೋರಿ!"

ಪೂವಪ್ಪ ತಾನು ರಾತ್ರಿ ಮಲಗುವ ಬೆಂಚಿನ ಕಡೆ ನೋಡಿದ. ಶೇಖರ ತಪ್ಪಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ, ಯಾರೋ ಕಸಿದುಕೊಳ್ಳುತ್ತಾರೆ ಎನ್ನುವ ಹಾಗೆ.

"ಏನಾಯಿತು ಸಾಹೇಬರೇ?" ಎಂದರು ಧಣಿಗಳು ತಗ್ಗಿದ ದನಿಯಲ್ಲಿ.

"ಆಂ?"

"ಏನಾಯಿತು ಅಂತ..."

"ಕೇಳಸೂದಿಲ್ರೀ! ನೀವ್ ಮಾತಾಡೂದು ಯಾವತ್ತೂ ಕೇಳಿಲ್ಲ ನನಗ! ಇಂವಾ ಒದರೂದೊಂದ ಕೇಳತಿತ್ತು!" ಬೆರಳು ಪೂವಪ್ಪನ ಕಡೆ ತಿರುಗಿತು. "ಇಪ್ಪತ್ನಾಕ ವರ್ಷ ಪರೇಲಿನ ಮಿಲ್ಲಿನ್ಯಾಗ ಮಗ್ಗಾ ನಡಸೀನಿ. ಸಾವಿರ ಮಗ್ಗಾ ಒಮ್ಮೆಗೇ ಬಡಿತಾವು. ಎರಡೂ ಕಿವಿ ಮಗ್ಗಕ್ಕ ಕೊಟ್ಟೀನಿ. ಮನ್ಯಾಗ ಹೆಂಡತಿ ಮಾತು ಕೇಳಸೂದಿಲ್ಲ, ರಸ್ತೆದಾಗ ಮೋಟರ್ ಕೇಳಸೂದಿಲ್ಲ. ಪಾಳಿ ಮುಗಿಸಿ, ಜಳಕಾ ಮಾಡಿ, ಕೋಟ್ ಹಾಕ್ಕೊಂಡು ದಿನಾ ಇಲ್ಲಿಗ್ಯಾಕ ಬರತೀನಿ? ಇಡ್ಲಿ ಬ್ಯಾರೆ ಕಡೆ ಸಿಗೂದಿಲ್ಲೇನು? ಇವನ ದನಿ ಕೇಳಾಕ ಬರತೀನಿ!"

ಕೋಟಿನವರು ತಮ್ಮ ಕಿವಿಗೆ ಬೆರಳು ಹಾಕಿ ಅಲ್ಲಾಡಿಸಿದರು.

"ಎರಡ ತಿಂಗಳಾತು, ಇಂವಾ ಬಾಯಿ ಅಲ್ಲಾಡಸ್ತಾನು, ದನಿ ಇಲ್ಲ. ಇದ್ದಷ್ಟು ಕಿವೀನೂ ಹೋತು ಅಂತ ನಾ ದವಾಖಾನಿಗೆ ಹೋಗಿ ಮೂರ್ ದಿನ ಕುಂತ್ ಬಂದೆ! ಡಾಕ್ಟರ್ ಕಿವ್ಯಾಗ ಎಣ್ಣಿ ಬಿಟ್ರು! ಇವತ್ತ ನೋಡಿದ್ರ ಎಲ್ಲಾರಿಗೂ ಛಂದಂಗ ಒದರಾಕತ್ತಾನು. ಕಿವಿ ಬಂತು ಅಂತ ಕಣ್ಣಾಗ ನೀರ್ ಬಂತು. ನನ್ ಪಾಳಿ ಬಂದ ಕೂಡ್ಲೆ ಗಪ್ಪ್! ಯಾಕ? ಎಲ್ಲಾರಿಗೂ ಒಂದೊಂದ್ ಹೆಸರು, ನನಗ ಇಲ್ಲ? ನಾಕ ವರ್ಷದಿಂದ ನನಗೇನ್ ಅಂತಾನೋ ನೋಡೂಣು ಅಂತ ಕಾಯಾಕತ್ತೀನಿ. ನಾ ಏನ್ ಮನಷ್ಯಾ ಅಲ್ಲೇನು?"

ಧಣಿಗಳು ಪೂವಪ್ಪನನ್ನು ಹತ್ತಿರ ಕರೆದು ಕಿವಿಯಲ್ಲಿ ಹೇಳಿದರು, "ತಪ್ಪಾಯಿತು ಅಂತ ಹೇಳು. ನಾವು ಬೇರೆ ಗ್ರಹಿಸಿದ್ದೆವು ಅಂತ ಹೇಳು."

ಪೂವಪ್ಪ ಎದೆ ತುಂಬ ಉಸಿರು ತೆಗೆದುಕೊಂಡ.

"ತಪ್ಪಾಯಿತಂತೆ! ಧಣಿಗಳು ನಿಮ್ಮನ್ನು ಸೇಲ್ಸ್ ಟ್ಯಾಕ್ಸಿನವರು ಅಂತ ಗ್ರಹಿಸಿದ್ದರಂತೆ!"

ಅದು ದಾದರ್ ಸ್ಟೇಶನ್ನಿಗೆ ಕೇಳಿರಬೇಕು. ಧಣಿಗಳು ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡರು. "ಅಷ್ಟು ಬಿಡಿಸಿ ಹೇಳಲಿಕ್ಕೆ ಯಾರು ಹೇಳಿದ್ದು ನಿನಗೆ, ದರಿದ್ರದವನೇ!"

ಕೋಟಿನವರಿಗೆ ಅದು ಪೂರಾ ಕೇಳಿಸಿತು. ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಟ್ಯಾಕ್ಸಿನಾಂವ! ನಾನು! ಅದಕ್ಕ ನನಗ ಚಟ್ನಿ ಅಷ್ಟ್ ಬೀಳತಿತ್ತು!"

ಹೋಟೆಲೂ ನಕ್ಕಿತು. ಆದರೆ ಅವರು ಗಲ್ಲದ ಮುಂದಿನಿಂದ ಅಲುಗಾಡಲಿಲ್ಲ. ಬೆರಳಿನಿಂದ ಮೇಜು ಕುಟ್ಟಿದರು. "ತಕರಾರ್ ತಕರಾರಽ. ನನಗ ಹೆಸರ್ ಬೇಕು."

ಪೂವಪ್ಪ ಅವರನ್ನು ಮೇಲಿಂದ ಕೆಳಗಿನವರೆಗೆ ಮತ್ತೊಮ್ಮೆ ನೋಡಿದ. ಸಮ ಸವೆದ ಚಪ್ಪಲಿ, ಮಗ್ಗದ ಮುಂದೆ ನಿಂತದ್ದು. ಕನ್ನಡಿಯಂಥ ತಲೆ, ಹತ್ತಿ ಹೋಗಲೆಂದು ತಿಕ್ಕಿ ತಿಕ್ಕಿ ತೊಳೆದದ್ದು. ಎಲ್ಲ ಕಣ್ಣೆದುರಿಗೇ ಇತ್ತು. ನಾಲ್ಕು ವರ್ಷ ನೋಡಿದ್ದಾನೆ, ಒಂದು ಸಲವಾದರೂ ಬಾಯಿ ಬಿಟ್ಟು ಕೇಳಿರಲಿಲ್ಲ. ಹೇಗೂ ನಾಳೆ ಹಾಸಿಗೆ ಸುತ್ತುವುದೇ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡು, ಕಣ್ಣು ಮುಚ್ಚಿ ಕೂಗಿದ.

"ಪರೇಲಿನ ಭೋಂಗಾ ಬರ್ತಾ ಉಂಟು, ದಾರಿ ಬಿಡಿ! ನಾಲ್ಕು ವರ್ಷಕ್ಕೊಮ್ಮೆ ಊದುತ್ತದೆ, ಊದಿದರೆ ಮೂರು ಪಾಳಿಯವರೂ ಎದ್ದು ಕೂರಬೇಕು! ಇಡ್ಲಿ, ವಡೆ, ಚಾ, ನಾಲ್ಕಾಣೆ! ಚಟ್ನಿ ಟ್ಯಾಕ್ಸಿನಲ್ಲಿ ಮಾಫಿ!"

ಮಿಲ್ಲಿನ ಭೋಂಗಾ, ಅಂದರೆ ಪಾಳಿಯ ಸೈರನ್ನು, ಬೆಳಗಿನ ಜಾವಕ್ಕೆ ಇಡೀ ಪರೇಲನ್ನು ಎಬ್ಬಿಸುವುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಮೇಜುಗಳ ಮೇಲೆ ಕೈಗಳು ಬಡಿದವು, ತಟ್ಟೆಗಳು ಕುಣಿದವು. ಕೋಟಿನವರು ತಲೆ ಓರೆ ಮಾಡಿ ಕೊನೆಯ ಅಕ್ಷರದವರೆಗೆ ಕೇಳಿದರು. "ಭೋಂಗಾ," ಎಂದು ತಮಗೆ ತಾವೇ ಒಮ್ಮೆ ಹೇಳಿಕೊಂಡರು. ತಪ್ಪಲೆಗೆ ನೋಟು ಹಾಕಿದರು. ಹೊರಗೆ ಹೋಗದೆ ತಮ್ಮ ಜಾಗಕ್ಕೆ ಮರಳಿ ಕೂತು, ಶಿರಾದ ಕಡೆ ಬೆರಳು ತೋರಿಸಿದರು.

ಆರು ಗಂಟೆಗೆ ತಪ್ಪಲೆಯನ್ನು ಒಳಗೆ ಒಯ್ಯಲು ಶೇಖರನಿಗೆ ಭಟ್ಟರ ಕೈಯೂ ಬೇಕಾಯಿತು. ಸೆಟ್ಟಿನ ದುಡ್ಡು ಅಂದೇ ಕೂಡಿತು. ಮಳೆಗಾಲಕ್ಕೆ ಮುಂಚೆ ಹಡಗಿನಲ್ಲಿ ಎರಡು ಪೆಟ್ಟಿಗೆ ಬಂದವು, ಅದು ಬೇರೆ ಕಥೆ.

ಸೋಮವಾರ ಬೆಳಗ್ಗೆ ಧಣಿಗಳು ಬಾಗಿಲು ತೆಗೆಸಿ ಒಳಗೆ ಬಂದಾಗ ಪೂವಪ್ಪ ಗಲ್ಲದ ಮುಂದೆ ನಿಂತಿದ್ದ. ಪಕ್ಕದಲ್ಲಿ ಹಗ್ಗ ಕಟ್ಟಿದ ಹಾಸಿಗೆ, ಅದರ ಮೇಲೆ ತಗಡಿನ ಟ್ರಂಕು.

"ಇದು ಎಂತ?"

"ತಕರಾರು ಬಂತಲ್ಲ ಧಣಿ. ನಿಮ್ಮ ಮಾತು."

ಧಣಿಗಳು ಟೋಪಿ ತೆಗೆದು ಮೊಳೆಗೆ ಹಾಕಿದರು. ದೇವರ ಪಟಕ್ಕೆ ಊದುಬತ್ತಿ ಹಚ್ಚಿದರು. ಅವಸರವೇ ಇರಲಿಲ್ಲ.

"ತಕರಾರು ಎಂಥದ್ದಕ್ಕೆ ಬಂದದ್ದು?"

"ಕೂಗಲಿಲ್ಲ ಅಂತ."

"ಮೆಲ್ಲಗೆ ಹೇಳು ಅಂತ ನಿನಗೆ ಹೇಳಿದ್ದು ಯಾರು?"

ಪೂವಪ್ಪ ಬಗ್ಗಿ ಹಾಸಿಗೆಯ ಹಗ್ಗದ ಗಂಟು ಬಿಗಿದ.

"ಬಾಯಿ ಬಿಡು ಮಾರಾಯ, ನಿನ್ನೆ ಇಡೀ ಬಿಟ್ಟಿದ್ದಿ. ಯಾರು?"

"ನೀವು ಧಣಿ."

"ಹಾಗಾದರೆ ಹಾಸಿಗೆ ನಾನು ಸುತ್ತಬೇಕು." ಧಣಿಗಳು ಕುರ್ಚಿಯಲ್ಲಿ ಕೂತರು. "ನನಗೆ ಈ ಪ್ರಾಯದಲ್ಲಿ ಆಗುವುದಿಲ್ಲ. ಅದನ್ನು ಒಳಗಿಡು. ಮೇಜು ಒರೆಸು. ವಕೀಲರು ಬಂದರೆ ಮಾತ್ರ ಜಾಗ್ರತೆ."

ಸಂಜೆ ನಾಲ್ಕೂವರೆಗೆ ಕಂದು ಕೋಟು ಬಂತು. ಒಂದಲ್ಲ, ಹಿಂದಿನಿಂದ ಇನ್ನೂ ನಾಲ್ಕು ಜನ, ಎಲ್ಲರೂ ಮಿಲ್ಲಿನ ಅದೇ ಮಗ್ಗದ ಖಾತೆಯವರು, ಎಲ್ಲರ ತಲೆಯೂ ಒದ್ದೆ. ಸಿದ್ದರಾಮಪ್ಪ ಎಂದು ತಮ್ಮ ನಿಜವಾದ ಹೆಸರನ್ನು ಅವರು ಅಂದು ಹೇಳಿದರು, ಪೂವಪ್ಪ ಕೇಳಿದ್ದರಿಂದ. ಉಳಿದ ನಾಲ್ವರು ಸಾಲಾಗಿ ಕೂತು ಪೂವಪ್ಪನ ಬಾಯಿಯನ್ನೇ ನೋಡುತ್ತಿದ್ದರು. ಐದು ಬೆರಳು ಒಟ್ಟಿಗೆ ಇಡ್ಲಿಯ ಕಡೆ ಎದ್ದವು.

ಗಲ್ಲದ ಹಿಂದೆ ಸದಾನಂದ ಶೆಟ್ಟರು ಡ್ರಾಯರ್ ಎಳೆದು, ಹತ್ತಿಯ ಎರಡು ಉಂಡೆ ಮಾಡಿ ಕಿವಿಗೆ ತುರುಕಿಕೊಂಡರು.